ಮುದಿ ಕುದುರೆಯ ಯಕೃತ್ತು

20 ವರ್ಷ ದಾಟಿದ ಕುದುರೆಯು ಮೇವು ಬಿಟ್ಟು ಸೊರಗಿ, ಅದರ ವಸಡು ಹಳದಿಯಾಗಿ ಕಂಡಾಗ ಒಡೆಯನಿಗೆ ಕಾಮಾಲೆಯ ಭಯ ಹುಟ್ಟುವುದು ಸಹಜ. ಆದರೆ ಕುದುರೆಯಲ್ಲಿ ಹಳದಿ ಬಣ್ಣವೊಂದೇ ಯಕೃತ್ತಿನ ರೋಗಕ್ಕೆ ಸಾಕ್ಷಿಯಲ್ಲ. ಯಾವ ಕಾರಣದಿಂದಲಾದರೂ ಒಂದೆರಡು ದಿನ ಆಹಾರ ತಪ್ಪಿದರೆ ರಕ್ತದಲ್ಲಿ ಬಿಲಿರುಬಿನ್ ಏರಿ ವಸಡು ಹಳದಿಗೊಳ್ಳುತ್ತದೆ. ಸವೆದ ಹಲ್ಲಿನ ನೋವಿನಿಂದ ಮೇವು ಬಿಟ್ಟಿದ್ದರೂ ಹೀಗಾಗಬಹುದು.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಯಕೃತ್ತಿನ ಸುಮಾರು ಮೂರರಲ್ಲಿ ಎರಡು ಭಾಗ ಕೆಡುವವರೆಗೂ ಹೊರಗೆ ಯಾವ ಲಕ್ಷಣವೂ ತೋರದಿರಬಹುದು. ಮೂತಿಯ ಬಿಳಿ ಚರ್ಮದಲ್ಲಿ ಬಿಸಿಲಿಗೆ ಸುಟ್ಟಂತಹ ಹುಣ್ಣು, ಗೋಡೆಗೆ ತಲೆಯೊತ್ತಿ ನಿಲ್ಲುವುದು, ಗುರಿಯಿಲ್ಲದೆ ಸುತ್ತುವುದು ಕಂಡರೆ ತಡ ಸಲ್ಲದು; ಅಂತಹ ಕುದುರೆಯನ್ನು ಸವಾರಿಗಾಗಲಿ ಮದುವೆಯ ಮೆರವಣಿಗೆಗಾಗಲಿ ಒಯ್ಯಬಾರದು. ಪಶುವೈದ್ಯರು ರಕ್ತದಲ್ಲಿ ಜಿ.ಜಿ.ಟಿ. ಎಂಬ ಕಿಣ್ವವನ್ನೂ ಪಿತ್ತಾಮ್ಲಗಳನ್ನೂ ಅಳೆದು ರೋಗವನ್ನು ನಿರ್ಣಯಿಸುತ್ತಾರೆ.

ಒಣಹುಲ್ಲನ್ನೂ ಪರೀಕ್ಷಿಸಿರಿ. ಒಣಗಿದ ಕಾಯಿ ಗಿಲಕಿಯಂತೆ ಸದ್ದು ಮಾಡುವ ಕ್ರೋಟಲೇರಿಯ ಜಾತಿಯ ಹಲವು ಕಳೆಗಳಲ್ಲಿ ಯಕೃತ್ತನ್ನು ಕೆಡಿಸುವ ವಿಷವಿದೆ. ಒಣಗಿದರೂ ಅದು ಅಳಿಯುವುದಿಲ್ಲ. ಹಾನಿಯು ಎಷ್ಟೋ ವಾರ, ತಿಂಗಳುಗಳ ಬಳಿಕ ತೋರುವುದರಿಂದ ಹುಲ್ಲಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಬೂಷ್ಟು ಹಿಡಿದ ಮೆಕ್ಕೆಜೋಳವೂ ಕೂಡದು.

ಯಕೃತ್ತಿನ ರೋಗ ಖಚಿತವಾದ ಕುದುರೆಯನ್ನು ಉಪವಾಸ ಕೆಡವದೆ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಬಾರಿ ಮೇವು ಕೊಡಬೇಕು. ವೈದ್ಯರನ್ನು ಕೇಳದೆ ನೋವಿನ ಔಷಧಿಯನ್ನು ಕೊಡಬೇಡಿರಿ.