ಕೊಟ್ಟೋನು ಕೋಡಂಗಿಯೇ? ಗರಾಜ್ ಸೇಲ್ ಮತ್ತು ಮೌನದ ಕಾನೂನು

2015ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಮಿಲ್ಪಿಟಸ್‌ನ ಕ್ಲೀನ್ ಬೇ ಏರಿಯಾ ಎಂಬ ಎಲೆಕ್ಟ್ರಾನಿಕ್ ಗುಜರಿ ಕೇಂದ್ರಕ್ಕೆ ಹೆಂಗಸೊಬ್ಬರು ಕೆಲವು ಪೆಟ್ಟಿಗೆ ತಂದಿಳಿಸಿದರು. ಗಂಡ ತೀರಿಕೊಂಡಿದ್ದರು, ಗರಾಜ್ ಖಾಲಿ ಮಾಡುತ್ತಿದ್ದರು. ತೆರಿಗೆ ಲೆಕ್ಕಕ್ಕೆ ರಸೀದಿ ಕೊಡುತ್ತೇವೆಂದರೂ ಬೇಡವೆಂದು, ಫೋನ್ ನಂಬರೂ ಬಿಡದೆ ಹೊರಟುಹೋದರು. ಕೆಲವು ವಾರ ಕಳೆದು ಪೆಟ್ಟಿಗೆ ಬಿಚ್ಚಿದಾಗ ಸಿಕ್ಕಿದ್ದು ಆಪಲ್-1. ಸ್ಟೀವ್ ವೋಜ್ನಿಯಾಕ್ ವಿನ್ಯಾಸ ಮಾಡಿದ, 1976ರಲ್ಲಿ ಸುಮಾರು 200 ಮಾತ್ರ ತಯಾರಾಗಿ 666 ಡಾಲರ್ 66 ಸೆಂಟಿಗೆ ಮಾರಾಟವಾದ ಕಂಪ್ಯೂಟರ್. ಕಂಪ್ಯೂಟರ್ ಎನ್ನುವುದೂ ದೊಡ್ಡ ಮಾತೇ. ಡಬ್ಬಿಯಿಲ್ಲ, ಕೀಬೋರ್ಡಿಲ್ಲ, ಚಿಪ್‌ಗಳನ್ನು ಸಾಲಾಗಿ ಕೂರಿಸಿದ ಒಂದು ಬೋಳು ಹಸಿರು ಹಲಗೆ. ಗೊತ್ತಿಲ್ಲದವರಿಗೆ ಕೆಟ್ಟ ಟಿ.ವಿ.ಯ ಹೊಟ್ಟೆಯಿಂದ ಕಿತ್ತಿದ್ದೆಂದೇ ಅನಿಸಬೇಕು. ಅದು 2 ಲಕ್ಷ ಡಾಲರಿಗೆ ಹೋಯಿತು. ಮಾರಿ ಬಂದ ಹಣದಲ್ಲಿ ಅರ್ಧ ವಸ್ತು ಕೊಟ್ಟವರಿಗೆ ಎಂಬುದು ಆ ಕಂಪನಿ ತಾನೇ ಹಾಕಿಕೊಂಡ ನಿಯಮ. ಹಾಗಾಗಿ 1 ಲಕ್ಷ ಡಾಲರ್ ಎತ್ತಿಟ್ಟು, ಪತ್ರಿಕೆ, ಟಿ.ವಿ.ಗಳ ಮೂಲಕ ಆ ಹೆಂಗಸನ್ನು ಹುಡುಕತೊಡಗಿದರು.

ಹಾಗೆ ಕೊಡಲೇಬೇಕೆಂದು ಕಾನೂನೇನೂ ಹೇಳಿರಲಿಲ್ಲ. ಮನಸಾರೆ ಕೊಟ್ಟುಹೋದ ವಸ್ತುವಿನ ಒಡೆತನ ಪಡೆದವರದು. ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂಬ ನಮ್ಮ ಗಾದೆಯನ್ನೇ ಕಾನೂನು ಒಪ್ಪಿದಂತೆ ಕಾಣುತ್ತದೆ. ಆದರೆ ಪೂರ್ತಿ ಒಪ್ಪಿಲ್ಲ. ಬೆಲೆ ಗೊತ್ತಿದ್ದವನು ಗೊತ್ತಿಲ್ಲದವರಿಂದ ಕೊಳ್ಳುವಾಗ ಸುಮ್ಮನಿರುವುದು ಅವನ ಹಕ್ಕು ನಿಜ. ಮಾರುವವರು ಒಂದು ಪ್ರಶ್ನೆ ಕೇಳಿದ ಕ್ಷಣ, ಇಲ್ಲವೇ ಅವನನ್ನು ನಂಬಿ ನಿಂತ ಕ್ಷಣ, ಆ ಹಕ್ಕು ಕರಗತೊಡಗುತ್ತದೆ. ಬೇ ಏರಿಯಾದ ಕನ್ನಡಿಗರ ನಡುವಿನ ಎಷ್ಟೋ ವ್ಯಾಪಾರ ಆ ಕ್ಷಣವನ್ನು ದಾಟಿಯೇ ನಡೆಯುತ್ತದೆ ಎಂಬುದು ನನ್ನ ವಾದ.

ಸುಮ್ಮನಿರುವ ಹಕ್ಕಿನ ಮೂಲ ಹಳೆಯದು. 1815ರಲ್ಲಿ ನ್ಯೂ ಆರ್ಲಿಯನ್ಸ್‌ನ ವ್ಯಾಪಾರಿಯೊಬ್ಬ ಬ್ರಿಟನ್ ಜೊತೆಗಿನ ಯುದ್ಧ ಮುಗಿದ ಸುದ್ದಿಯನ್ನು ಊರಿಗಿಂತ ಮೊದಲೇ ತಿಳಿದು, ಹೊಗೆಸೊಪ್ಪನ್ನು ಹಳೆಯ ದರಕ್ಕೆ ಖರೀದಿಸಿದ. ಬೆಲೆ ಏರುವಂಥ ಸುದ್ದಿ ಏನಾದರೂ ಇದೆಯೇ ಎಂದು ಮಾರುವ ಕಡೆಯವರು ಕೇಳಿಯೂ ಇದ್ದರು. ಲೇಡ್ಲಾ ವರ್ಸಸ್ ಆರ್ಗನ್ ಎಂಬ ಈ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1817ರಲ್ಲಿ ಎರಡು ಮಾತು ಹೇಳಿತು: ಕೊಳ್ಳುವವನು ತನಗೆ ಗೊತ್ತಿರುವುದನ್ನು ತಾನಾಗಿ ಹೇಳಬೇಕಿಲ್ಲ, ಆದರೆ ಎದುರಿನವರನ್ನು ದಾರಿತಪ್ಪಿಸುವ ಮಾತನ್ನೂ ಆಡಬಾರದು, ಕೆಲಸವನ್ನೂ ಮಾಡಬಾರದು. ಆ ಎರಡನೆಯದು ನಡೆದಿದೆಯೇ ಎಂದು ಜ್ಯೂರಿ ನೋಡಲಿ ಎಂದು ಮೊಕದ್ದಮೆಯನ್ನು ವಾಪಸ್ ಕಳಿಸಿತು. ಮೊದಲ ಮಾತನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಭಾರತದ 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ನಿನ ವಿವರಣೆಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ: ಬರೀ ಮೌನ ವಂಚನೆಯಲ್ಲ, ಮಾತಾಡಬೇಕಾದ ಕರ್ತವ್ಯವಿದ್ದರೆ ಅಥವಾ ಮೌನವೇ ಮಾತಿಗೆ ಸಮನಾದರೆ ಅದು ವಂಚನೆ. ಅಲ್ಲಿಯ ಒಂದು ಉದಾಹರಣೆಯಲ್ಲಿ ಕೊಳ್ಳುವವನು, “ನೀನು ಅಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂದುಕೊಳ್ಳುತ್ತೇನೆ” ಎನ್ನುತ್ತಾನೆ. ಮಾರುವವನು ಬಾಯಿ ಬಿಡುವುದಿಲ್ಲ. ಅಲ್ಲಿಗೆ ಮೌನಂ ಸಮ್ಮತಿ ಲಕ್ಷಣಂ.

ಈಗ ಫ್ರೀಮಾಂಟ್‌ನ ಒಂದು ಶನಿವಾರದ ಬೆಳಗನ್ನು ಕಣ್ಮುಂದೆ ತಂದುಕೊಳ್ಳಿ. ತಿರುವಿನ ಕಂಬಕ್ಕೆ ಅಂಟಿಸಿದ ರಟ್ಟಿನ ಮೇಲೆ ಬಾಣದ ಗುರುತು, ಡ್ರೈವ್‌ವೇಯಲ್ಲಿ ಮಡಿಸುವ ಮೇಜು, ಅದರ ಮೇಲೆ ಮಿಕ್ಸಿ, ಕ್ಯಾಮೆರಾ, ಎಲ್‌ಪಿ ರೆಕಾರ್ಡುಗಳು, ಬೆಲೆ ಬರೆದ ಪುಟ್ಟ ಬಿಳಿ ಚೀಟಿಗಳು. ಕೊಳ್ಳಲು ಬಂದವನು ಹಸಿರು ಹಲಗೆಯೊಂದನ್ನು ತಿರುಗಿಸಿ ನೋಡಿ, ಚೀಟಿಯಲ್ಲಿದ್ದ 20 ಡಾಲರ್ ಕೊಟ್ಟು ತೆಗೆದುಕೊಂಡು ಹೋದರೆ ಅದು ಮೌನ. “ಇದಕ್ಕೇನಾದರೂ ಬೆಲೆ ಇದೆಯೇನಪ್ಪಾ?” ಎಂದು ಮನೆಯಾಕೆ ಕೇಳಿದಾಗ, “ಅಯ್ಯೋ ಬಿಡಿ ಆಂಟಿ, ಗುಜರಿ” ಎಂದರೆ ಅದು ಸುಳ್ಳು. “ಮಗನ ಸ್ಕೂಲ್ ಪ್ರಾಜೆಕ್ಟಿಗೆ ಬೇಕಿತ್ತು” ಎಂದರೆ? ಮಗನಿಗೆ ಪ್ರಾಜೆಕ್ಟ್ ಇರಲೂಬಹುದು. ಕ್ಯಾಲಿಫೋರ್ನಿಯಾ ಸಿವಿಲ್ ಕೋಡ್‌ನ 1710ನೇ ಸೆಕ್ಷನ್ ಈ ಜಾಣತನಕ್ಕೂ ಜಾಗ ಕೊಟ್ಟಿದೆ: ಹೇಳಬೇಕಾದವನು ಮುಚ್ಚಿಟ್ಟರೂ, ಮುಖ್ಯ ಸಂಗತಿ ಬಿಟ್ಟು ದಾರಿತಪ್ಪಿಸುವಂಥ ಬೇರೆ ಸಂಗತಿ ಹೇಳಿದರೂ ಅದು ಮೋಸವೇ. ಹೇಳಬೇಕಾದವನು ಯಾರು? ಅದೇ ರಾಜ್ಯದ ಕೋರ್ಟೊಂದರ 1997ರ ಲಿಮಾಂಡ್ರಿ ತೀರ್ಪು ನಾಲ್ಕು ಸಂದರ್ಭ ಗುರುತಿಸುತ್ತದೆ: ಇಬ್ಬರ ನಡುವೆ ವಿಶ್ವಾಸದ ಸಂಬಂಧವಿರುವುದು, ಇನ್ನೊಬ್ಬರಿಗೆ ಸಿಗದ ಮಾಹಿತಿ ಒಬ್ಬನ ಹತ್ತಿರ ಮಾತ್ರ ಇರುವುದು, ಬೇಕೆಂದೇ ಬಚ್ಚಿಡುವುದು, ಅರ್ಧ ಹೇಳಿ ಅರ್ಧ ನುಂಗುವುದು. ಫೋನ್ ತೆಗೆದು ಹುಡುಕಿದರೆ ಸಿಗುವ ಮಾಹಿತಿ ಎರಡನೆಯದರ ಕೆಳಗೆ ಬರುವುದು ಕಷ್ಟ. ಉಳಿದ ಮೂರು ಗರಾಜಿನಲ್ಲಿ ದಿನವೂ ನಡೆಯುತ್ತವೆ.

ಸುಳ್ಳು ಯಾರೂ ಹೇಳಲಿಲ್ಲ, ಮಾರಿದವರಿಗೇ ತಪ್ಪು ತಿಳಿವಳಿಕೆ ಇತ್ತು ಎಂದಾದರೆ ವ್ಯಾಪಾರ ರದ್ದಾಗುತ್ತದೆಯೇ? ಸಾಮಾನ್ಯವಾಗಿ ಇಲ್ಲ. 1885ರ ವಿಸ್ಕಾನ್ಸಿನ್ ಮೊಕದ್ದಮೆಯೊಂದರಲ್ಲಿ ಹೆಂಗಸೊಬ್ಬಳು ತನಗೆ ಸಿಕ್ಕ ಹಳದಿ ಕಲ್ಲನ್ನು ಒಡವೆ ಅಂಗಡಿಗೆ 1 ಡಾಲರಿಗೆ ಮಾರಿದ್ದಳು. ಅದು ಸುಮಾರು 700 ಡಾಲರ್ ಬಾಳುವ ಕಚ್ಚಾ ವಜ್ರ. ಇಬ್ಬರಿಗೂ ಗೊತ್ತಿರಲಿಲ್ಲ, ಏನೆಂದು ತಿಳಿಯದೆಯೇ ಮಾರಿದವಳ ಪರ ಕೋರ್ಟ್ ನಿಲ್ಲಲಿಲ್ಲ. ಎರಡು ವರ್ಷದ ನಂತರ ಮಿಶಿಗನ್‌ನಲ್ಲಿ ಗೊಡ್ಡು ಎಂದು ಸುಮಾರು 80 ಡಾಲರಿಗೆ ಒಪ್ಪಿಕೊಂಡ ಹಸು ಗಬ್ಬವಾಗಿದ್ದುದು ತಿಳಿದಾಗ, ಒಡೆಯ ವ್ಯಾಪಾರ ಮುರಿಯಬಹುದು ಎಂದಿತು ಅಲ್ಲಿಯ ಕೋರ್ಟ್. ಎರಡಕ್ಕೂ ಇರುವ ವ್ಯತ್ಯಾಸ ಕಲ್ಲು, ಹಸುಗಳದ್ದಲ್ಲ. ತನಗೆ ಪೂರ್ತಿ ಗೊತ್ತಿಲ್ಲವೆಂದು ತಿಳಿದೂ ಮಾರಿದವರು ಅಪಾಯವನ್ನು ತಾವೇ ಹೊತ್ತುಕೊಂಡಂತೆ. ಒಬ್ಬರದ್ದೇ ತಪ್ಪಾದರೂ ಕೆಲವೊಮ್ಮೆ ರದ್ದು ಮಾಡಬಹುದೆಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. 37,995 ಡಾಲರಿನ ಜಾಗ್ವಾರ್ ಕಾರು ಪತ್ರಿಕೆಯ ಎಡವಟ್ಟಿನಿಂದ 25,995 ಎಂದು ಅಚ್ಚಾದ ಮೊಕದ್ದಮೆ ಅದು. ಆದರೆ ಅಚ್ಚಿನ ತಪ್ಪು ಬೇರೆ, ವಿಚಾರಿಸದೆ ಚೀಟಿ ಅಂಟಿಸುವುದು ಬೇರೆ.

ವಯಸ್ಸಾದವರ ವಿಷಯಕ್ಕೆ ಬಂದರೆ ಕಾನೂನಿನ ದನಿಯೇ ಬದಲಾಗುತ್ತದೆ. 65 ದಾಟಿದವರ ಆಸ್ತಿಯನ್ನು ವಂಚಿಸುವ ಉದ್ದೇಶದಿಂದ ಅಥವಾ ಅನುಚಿತ ಪ್ರಭಾವ ಬೀರಿ ಪಡೆಯುವುದು ಈ ರಾಜ್ಯದಲ್ಲಿ ‘ಹಿರಿಯರ ಆರ್ಥಿಕ ಶೋಷಣೆ’. ಮೊಕದ್ದಮೆ ಗೆದ್ದರೆ ವಕೀಲರ ಫೀಸೂ ಎದುರಿನವರ ತಲೆಗೆ. ನಮ್ಮ ಮನೆಗಳಲ್ಲಿ ಬೇಸಿಗೆಗೆ ಬಂದ ಅತ್ತೆ-ಮಾವ ಇರುತ್ತಾರೆ, ಗಂಡನನ್ನು ಕಳೆದುಕೊಂಡು ಮಗಳ ಮನೆಗೆ ಹೊರಟ ಹಿರಿಯರಿರುತ್ತಾರೆ. ಅವರ ತಂಜಾವೂರು ಚಿತ್ರ, ಬೆಳ್ಳಿ ಸಾಮಾನು, ಹಳೆಯ ವೀಣೆಯ ಫೋಟೊ ಕನ್ನಡ ಕೂಟದ ವಾಟ್ಸ್ಆ್ಯಪ್ ಗುಂಪಿಗೆ ಬರುತ್ತದೆ. ಜೊತೆಗೊಂದು ಸಾಲು: “ನಿಮಗೆ ಗೊತ್ತಿರುತ್ತಲ್ಲ, ನೀವೇ ಒಂದು ರೇಟ್ ಹೇಳಿ.” ಬೆಲೆ ಹೇಳುವ ಕೆಲಸವನ್ನು ನಂಬಿ ಒಪ್ಪಿಸುವುದೆಂದರೆ ಇದೇ. ಒಪ್ಪಿಕೊಂಡು ರೇಟ್ ಹೇಳಿದವನು ಆಮೇಲೆ ತಾನು ಬರೀ ಗಿರಾಕಿ ಎನ್ನಲಾಗದು. ಹೊಗೆಸೊಪ್ಪಿನ ವ್ಯಾಪಾರಿಗಳು ವೃತ್ತಿಪರರು. ಉಗಾದಿ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂತವರಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಹಳೆಯ ವಸ್ತುಗಳ ಜ್ಞಾನ ಪುಕ್ಕಟೆ ಬರುವುದಿಲ್ಲ, ವರ್ಷಗಟ್ಟಲೆ ಓದಿ, ಹತ್ತು ಸಲ ಮೋಸಹೋಗಿ ಕಲಿತದ್ದು. ಅದರ ಫಲವನ್ನೆಲ್ಲ ಬಿಟ್ಟುಕೊಡಬೇಕೆಂದರೆ ಕಲಿಯುವವರೇ ಇರುವುದಿಲ್ಲ, ಆಪಲ್-1ರಂಥವು ಕ್ರಷರ್ ಪಾಲಾಗುತ್ತವೆ. ಇದು ನಿಜ. ಅದಕ್ಕೇ ಕಾನೂನು ಮೌನವನ್ನು ಅಪರಾಧ ಮಾಡಿಲ್ಲ, ಮಾಡಲೂಬಾರದು ಎಂದು ನಾನೂ ಒಪ್ಪುತ್ತೇನೆ. ಆದರೆ ಜ್ಞಾನಕ್ಕೆ ಕೂಲಿ ಎಂದರೆ ಇಡೀ ಬೆಳೆ ಎಂದಾಗಬೇಕಿಲ್ಲ. ಗುರುತಿಸಿದವರಿಗೆ ಅರ್ಧ, ಕೊಟ್ಟವರಿಗೆ ಅರ್ಧ ಎಂಬ ಮಿಲ್ಪಿಟಸ್‌ನ ಲೆಕ್ಕ ನಮ್ಮ ಕಡೆಯ ಕೋರುಪಾಲಿನ ಲೆಕ್ಕವೇ. “ಮುಂದೆ ಇಷ್ಟಕ್ಕಿಂತ ಹೆಚ್ಚಿಗೆ ಮಾರಿದರೆ ನಿಮಗಿಷ್ಟು ಪಾಲು” ಎಂದು ಒಂದು ಸಾಲು ಬರೆದು ಇಬ್ಬರೂ ಸಹಿ ಹಾಕಿದರೆ ಅದು ಕರಾರೇ. ಮಾರುವವರು ಇದನ್ನು ಧಾರಾಳವಾಗಿ ಕೇಳಬಹುದು. ಬೆಲೆ ಕಟ್ಟಿಸುವುದಾದರೆ ಕೊಳ್ಳುವವನಲ್ಲದ ಇನ್ನೊಬ್ಬರಿಂದ ಕಟ್ಟಿಸಬೇಕು.

ಕೊಳ್ಳುವವರೂ ಒಂದು ಕಡೆ ಎಚ್ಚರವಾಗಿರಬೇಕು: ಮಾರುವವನದೇ ವಸ್ತುವೇ? 2010ರಲ್ಲಿ ರೆಡ್‌ವುಡ್ ಸಿಟಿಯ ಬಾರೊಂದರಲ್ಲಿ ಆಪಲ್ ಎಂಜಿನಿಯರ್ ಮರೆತುಹೋದ ಐಫೋನ್ 4ರ ಮಾದರಿ ಒಂದು ವೆಬ್ ಪತ್ರಿಕೆಗೆ 5,000 ಡಾಲರಿಗೆ ಮಾರಾಟವಾಯಿತು. ಪೊಲೀಸರು ಅದರ ಸಂಪಾದಕನ ಫ್ರೀಮಾಂಟ್ ಮನೆಯನ್ನು ಜಾಲಾಡಿದರು. ಪತ್ರಿಕೆಯ ಮೇಲೆ ಆರೋಪ ಹೊರಿಸಲಿಲ್ಲವಾದರೂ ಮಾರಾಟದ ಹಿಂದಿದ್ದ ಇಬ್ಬರಿಗೆ ಮರುವರ್ಷ ಶಿಕ್ಷೆಯಾಯಿತು. ಒಡೆಯನ ಸುಳಿವಿದ್ದೂ ಹುಡುಕದೆ ಸಿಕ್ಕ ವಸ್ತುವನ್ನು ತನ್ನದಾಗಿಸಿಕೊಳ್ಳುವುದು ಇಲ್ಲಿಯ ದಂಡಸಂಹಿತೆಯ 485ನೇ ಸೆಕ್ಷನ್ ಪ್ರಕಾರ ಕಳ್ಳತನ.

ಮೋಸವಾಗಿದೆ ಎನಿಸಿದರೆ ತಡಮಾಡಬಾರದು. ತಿಳಿದ ಕೂಡಲೇ ವ್ಯಾಪಾರ ರದ್ದು ಮಾಡುತ್ತಿರುವುದಾಗಿ ತಿಳಿಸಿ, ಪಡೆದ ಹಣ ಹಿಂದಿರುಗಿಸಲು ಸಿದ್ಧವೆಂದೂ ಹೇಳಬೇಕು. ಇದು ಸಿವಿಲ್ ಕೋಡ್‌ನ 1691ನೇ ಸೆಕ್ಷನ್ನಿನ ಷರತ್ತು. ವಂಚನೆಯ ದಾವೆಗೆ, ವಂಚನೆ ಗೊತ್ತಾದ ದಿನದಿಂದ ಮೂರು ವರ್ಷ ಕಾಲಾವಕಾಶ. ವ್ಯಕ್ತಿಗಳು 12,500 ಡಾಲರ್‌ವರೆಗಿನ ತಗಾದೆಯನ್ನು ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಒಯ್ಯಬಹುದು. ದಾಖಲು ಶುಲ್ಕ ಸಾಮಾನ್ಯವಾಗಿ 30ರಿಂದ 75 ಡಾಲರ್. ಹಣವಷ್ಟೇ ಅಲ್ಲ, ವ್ಯಾಪಾರ ರದ್ದು ಮಾಡುವ ಅಧಿಕಾರವೂ ಆ ಕೋರ್ಟಿಗಿದೆ. ವಿಚಾರಣೆಯಲ್ಲಿ ನಿಮ್ಮ ಪರ ವಕೀಲರು ವಾದಿಸುವಂತಿಲ್ಲ, ಎದುರಿನವರಿಗೂ ಅಷ್ಟೆ. ಇಂಗ್ಲಿಷ್ ತೊಡಕಾದ ಹಿರಿಯರಿಗೆ ದುಭಾಷಿ ಬೇಕೆಂದು ಮುಂಚೆಯೇ ಕೋರ್ಟಿಗೆ ತಿಳಿಸಬಹುದು. ಹಿರಿಯರ ಶೋಷಣೆಯ ದೂರನ್ನು ಕೌಂಟಿಯ ವಯಸ್ಕರ ರಕ್ಷಣಾ ವಿಭಾಗಕ್ಕೂ ಕೊಡಬಹುದು. ಇನ್ನೊಂದು ಸಂಗತಿ ಹಲವರಿಗೆ ತಡವಾಗಿ ತಿಳಿಯುತ್ತದೆ: ಸ್ಮಾಲ್ ಕ್ಲೇಮ್ಸ್‌ನಲ್ಲಿ ದಾವೆ ಹೂಡಿ ಸೋತವರಿಗೆ ಆ ದಾವೆಯ ಮೇಲೆ ಅಪೀಲಿಲ್ಲ. ಹಾಗಾಗಿ ವಸ್ತುವಿನ ಫೋಟೊ, ಹಣ ಬಂದ ದಾಖಲೆ, “ನೀವೇ ಒಂದು ರೇಟ್ ಹೇಳಿ” ಎಂದ ಆ ಮೆಸೇಜು ಮತ್ತು ಅದಕ್ಕೆ ಬಂದ ಉತ್ತರ, ಎಲ್ಲವನ್ನೂ ಮೊದಲ ದಿನವೇ ಪ್ರಿಂಟ್ ತೆಗೆದು ಒಯ್ಯಬೇಕು.