ಅಪ್ಪ ಅಮ್ಮನನ್ನು ಅಲಾಸ್ಕಾ ಹಡಗು ಹತ್ತಿಸುವ ಮುನ್ನ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಬರುವ ಅಪ್ಪ ಅಮ್ಮನಿಗೆ ಏನು ತೋರಿಸೋಣ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಅಲಾಸ್ಕಾ ಹಡಗಿನ ಪ್ರವಾಸವನ್ನೇ. ಏಳು ರಾತ್ರಿಗೂ ಒಂದೇ ಕೋಣೆ. ಊರೂರಿಗೆ ಪೆಟ್ಟಿಗೆ ಎಳೆದಾಡುವ ಕಷ್ಟವಿಲ್ಲ. ಮಂಡಿ ನೋವಿನ ಅಮ್ಮ ಬಾಲ್ಕನಿಯಲ್ಲಿ ಶಾಲು ಹೊದ್ದು ಕುಳಿತರೆ ಹಿಮದ ಬೆಟ್ಟಗಳೇ ಅವರೆದುರಿಗೆ ಬರುತ್ತವೆ. ಆದರೆ ಅಜ್ಜ ಅಜ್ಜಿ, ನೀವು, ಮೊಮ್ಮಕ್ಕಳು ಎಲ್ಲರೂ ಕೂಡಿ ಹೊರಟಾಗ ತಯಾರಿ ಅಜ್ಜ ಅಜ್ಜಿಯ ಅಳತೆಗೆ ತಕ್ಕಂತಿರಬೇಕು. ಆಗ ಉಳಿದವರಿಗೆಲ್ಲ ತಾನಾಗಿಯೇ ಸುಖ.

ಮೊದಲು ವೀಸಾ, ಏಕೆಂದರೆ ಬಹಳ ಮನೆಗಳ ಪ್ರವಾಸ ಮುರಿಯುವುದು ಇಲ್ಲೇ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುತ್ತೇವಲ್ಲ, ಕೆನಡಾ ವೀಸಾ ಏಕೆ ಎಂದು ಅನೇಕರು ಅಂದುಕೊಳ್ಳುತ್ತಾರೆ. ಅಲಾಸ್ಕಾಗೆ ಹೋಗುವ ದೊಡ್ಡ ಹಡಗುಗಳು ಸಾಮಾನ್ಯವಾಗಿ ಬೇರೆ ದೇಶಗಳಲ್ಲಿ ನೋಂದಣಿಯಾದವು. ಅಂಥ ಹಡಗು ಅಮೆರಿಕದಲ್ಲಿ ಹತ್ತಿಸಿಕೊಂಡವರನ್ನು ಸುತ್ತಿಸಿ ತಂದು ಅಲ್ಲೇ ಇಳಿಸಬೇಕಾದರೆ ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕು. ಇದು 1886ರ ಕಾನೂನು. ಹಾಗಾಗಿ ಹೆಚ್ಚಿನ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುತ್ತವೆ. ನಾವು ಇಳಿಯುವುದೇ ಇಲ್ಲ ಎಂದರೆ ನಡೆಯದು. ಭಾರತದ ಪಾಸ್‌ಪೋರ್ಟಿನಲ್ಲಿ ಕೆನಡಾ ವೀಸಾ ಇದೆಯೇ ಎಂದು ಹಡಗು ಹತ್ತಿಸುವಾಗಲೇ ನೋಡುತ್ತಾರೆ. ಗ್ರೀನ್ ಕಾರ್ಡ್ ಇರುವವರಿಗೆ ಆ ವೀಸಾ ಬೇಡ, ಆದರೆ ಕಾರ್ಡು, ಪಾಸ್‌ಪೋರ್ಟು ಎರಡೂ ಕೈಯಲ್ಲಿರಬೇಕು. ಅಪ್ಪ ಅಮ್ಮನ ಕೆನಡಾ ವೀಸಾವನ್ನು ಅವರು ವಿಮಾನ ಹತ್ತುವ ಮೊದಲೇ ಬೆಂಗಳೂರಿನಲ್ಲಿ ಮಾಡಿಸಿಬಿಡಿ. ಬೆರಳಚ್ಚು ಕೊಡಬೇಕು, ಪಾಸ್‌ಪೋರ್ಟ್ ಕಳಿಸಿ ಕಾಯಬೇಕು. ಇಲ್ಲಿಗೆ ಬಂದ ಮೇಲೆ ಅದನ್ನೆಲ್ಲ ಮಾಡಿಸಹೊರಟರೆ ಅವರು ಇರುವ ದಿನಗಳೇ ಕರಗಿಹೋಗುತ್ತವೆ. ಎಚ್-1ಬಿಯಲ್ಲಿರುವ ನಿಮ್ಮ ಅಮೆರಿಕ ವೀಸಾದ ಸ್ಟ್ಯಾಂಪಿನ ಅವಧಿ ಮುಗಿದಿದ್ದರೆ, ಟಿಕೆಟಿಗೆ ಹಣ ಕಟ್ಟುವ ಮುನ್ನ ವಲಸೆ ವಕೀಲರನ್ನು ಒಮ್ಮೆ ಕೇಳಿ.

ಇನ್ನು ಹೊರಡುವ ಬಂದರು. ಸಿಯಾಟಲ್‌ನ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಬದಿಯಲ್ಲಿ, ತೆರೆದ ಸಮುದ್ರದಲ್ಲಿ ಸಾಗುತ್ತವೆ. ವ್ಯಾಂಕೂವರ್ ನಗರದಿಂದ ಹೊರಡುವವು ದ್ವೀಪಗಳ ಮರೆಯಲ್ಲಿ ಹೋಗುವುದರಿಂದ ಅಲೆ ಕಡಿಮೆ. ಬಸ್ಸಿನಲ್ಲೇ ತಲೆ ತಿರುಗುವವರು ಮನೆಯಲ್ಲಿದ್ದರೆ ವ್ಯಾಂಕೂವರ್ ಒಳ್ಳೆಯದು. ಕೋಣೆಯನ್ನು ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ, ಲಿಫ್ಟಿಗೆ ಹತ್ತಿರ ಹಿಡಿಯಿರಿ. ತೂಗಾಟ ಅಲ್ಲಿ ಕಡಿಮೆ. ವಾಂತಿಯ ಮಾತ್ರೆಯನ್ನು ಹೊಟ್ಟೆ ತೊಳಸಿದ ಮೇಲೆ ನುಂಗಿ ಪ್ರಯೋಜನವಿಲ್ಲ, ಮೊದಲೇ ತೆಗೆದುಕೊಳ್ಳಬೇಕು. ಬಿಪಿ, ಸಕ್ಕರೆಯ ಔಷಧಿಯ ಜೊತೆ ಅದು ಆಗಿಬರುತ್ತದೆಯೇ ಎಂದು ಊರಿನ ಡಾಕ್ಟರನ್ನೇ ಕೇಳಿಸಿ. ಒಂದು ಕೋಣೆಯಲ್ಲಿ ಹಣ ಉಳಿಸುವುದಾದರೆ ನಿಮ್ಮ ಕೋಣೆಯಲ್ಲಿ ಉಳಿಸಿ, ಬಾಲ್ಕನಿ ಅಪ್ಪ ಅಮ್ಮನಿಗಿರಲಿ. ಬಚ್ಚಲುಮನೆ ತೀರಾ ಚಿಕ್ಕದು, ಬಾಗಿಲಲ್ಲಿ ಎಡವುವಂಥ ಹೊಸ್ತಿಲು ಇರುತ್ತದೆ. ನಡಿಗೆ ಕಷ್ಟವಾದವರಿಗೆ ಹೊಸ್ತಿಲಿಲ್ಲದ ದೊಡ್ಡ ಕೋಣೆಗಳಿವೆ, ಆದರೆ ಕೆಲವೇ. ತಿಂಗಳುಗಟ್ಟಲೆ ಮೊದಲೇ ಕೇಳಬೇಕು. ಒಂದು ಪ್ಲಾಸ್ಟಿಕ್ ಚೊಂಬು ಪೆಟ್ಟಿಗೆಯಲ್ಲಿರಲಿ.

ಊಟದ ಚಿಂತೆ ಎಲ್ಲರದೂ. ಹಡಗಿನಲ್ಲಿ ಅನ್ನ, ಬೇಳೆ ಸಿಗುತ್ತದೆ, ಕೇಳಿದವರಿಗೆ ಮಾತ್ರ. ಟಿಕೆಟ್ ತೆಗೆಸಿದ ಕೂಡಲೇ ಸಸ್ಯಾಹಾರ ಎಂದು ಬರೆಸಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿದ್ದರೆ ‘ಜೈನ್ ಊಟ’ ಎಂದರೆ ಬೇಗ ಅರ್ಥವಾಗುತ್ತದೆ. ಮೊದಲ ರಾತ್ರಿ ಊಟದ ಮೇಜಿನ ಮುಖ್ಯಸ್ಥರ ಬಳಿ ಮುಖತಃ ಮಾತಾಡಿ. ಅನೇಕ ಹಡಗುಗಳ ಅಡುಗೆಮನೆಯಲ್ಲಿ ಭಾರತದ ಬಾಣಸಿಗರಿರುತ್ತಾರೆ; ಮರುದಿನಕ್ಕೆ ಬೇಕಾದ್ದನ್ನು ಹಿಂದಿನ ರಾತ್ರಿಯೇ ಹೇಳಿದರೆ ಮನಸ್ಸಿಟ್ಟು ಮಾಡಿಕೊಡುತ್ತಾರೆ. ತರಕಾರಿ ಸೂಪಿಗೂ ಮಾಂಸದ ಸಾರು ಬೆರೆಸಿರಬಹುದು, ಪ್ರತಿ ಸಲ ಕೇಳಿ. ಬೆಳಗಿನ ಬಫೆಯಲ್ಲಿ ಸಪ್ಪೆ ಮೊಸರು ಇರುತ್ತದೆ. ಅನ್ನವೊಂದು ಸಿಕ್ಕರೆ ಮೊಸರನ್ನದ ಊಟವೇ ಆಯಿತು. ರೈಸ್ ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ ಒಯ್ಯಬೇಡಿ. ಬೆಂಕಿಯ ಭಯದಿಂದ ಇವನ್ನು ತಡೆದು ತೆಗೆದಿಟ್ಟುಕೊಳ್ಳುತ್ತಾರೆ. ಬಿಸಿನೀರು ಬಫೆಯಲ್ಲಿ ಸಿಗುತ್ತದೆ, ಫ್ಲಾಸ್ಕ್ ಸಾಕು. ಅಂಗಡಿಯಲ್ಲಿ ಸೀಲ್ ಆಗಿ ಬರುವ ಗೊಜ್ಜವಲಕ್ಕಿ ಮಿಕ್ಸ್, ಚಟ್ನಿಪುಡಿ, ಚಕ್ಕುಲಿ ಇಟ್ಟುಕೊಳ್ಳಿ. ಮನೆಯಲ್ಲಿ ಮಾಡಿದ್ದಕ್ಕೆ ಆಕ್ಷೇಪಣೆ ಬರಬಹುದು. ಹಣ್ಣನ್ನು ಹಡಗಿನಿಂದ ಹೊರಗೆ ಒಯ್ಯುವಂತಿಲ್ಲ.

ಬೇಸಿಗೆಯಲ್ಲೂ ಅಲ್ಲಿ ಚಳಿ. ದಪ್ಪನೆಯ ಒಂದು ಕೋಟಿಗಿಂತ ಒಂದರ ಮೇಲೊಂದು ತೊಡುವ ಮೂರು ತೆಳು ಬಟ್ಟೆಗಳು ಮೇಲು. ಹೊರಗಿನದು ನೀರು ಇಳಿಯದಂಥ ಜಾಕೆಟ್ ಆಗಿರಲಿ. ಸೀರೆಯುಡುವ ಅಮ್ಮನಿಗೆ ಒಳಗೊಂದು ಉಣ್ಣೆಯ ಲೆಗ್ಗಿಂಗ್ಸ್, ಜಾರದ ಬೂಟು. ಅಪ್ಪನ ಮಂಕಿ ಕ್ಯಾಪ್‌ಗೆ ಇಲ್ಲಿ ನಿಜವಾದ ಕೆಲಸವಿದೆ. ಕೆಚಿಕನ್ ಊರಿನಲ್ಲಿ ವರ್ಷಕ್ಕೆ ಸುಮಾರು 150 ಇಂಚು ಮಳೆ. ಡೆಕ್ಕಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ.

ಊರುಗಳಲ್ಲಿ ದಿನಕ್ಕೆ ಒಂದೇ ಕೆಲಸ ಇಟ್ಟುಕೊಳ್ಳಿ. ಜೂನೋ ಅಲಾಸ್ಕಾದ ರಾಜಧಾನಿ, ಆದರೂ ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ, ಹಡಗು ಅಥವಾ ವಿಮಾನವೇ ಗತಿ. ಬೇಸಿಗೆಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಹವಾಯಿಯಿಂದ ಮೇಯಲು ಈ ನೀರಿಗೆ ಬರುತ್ತವೆ. ಮಕ್ಕಳಿಗೆ ತಿಮಿಂಗಿಲ ನೋಡುವ ದೋಣಿ, ಹಿರಿಯರಿಗೆ ಬಂದರಿನ ಬಳಿಯಿಂದಲೇ ಬೆಟ್ಟಕ್ಕೇರುವ ತೂಗುಗಾಡಿ ಎಂದು ಬೇರೆಯಾಗುವುದರಲ್ಲಿ ತಪ್ಪಿಲ್ಲ. ಸ್ಕಾಗ್ವೆಯ ವೈಟ್ ಪಾಸ್ ರೈಲು ಎಲ್ಲರಿಗೂ ಸೇರಿದ್ದು. ಚಿನ್ನದ ಹುಚ್ಚಿನ ಕಾಲದಲ್ಲಿ, 1898ರಿಂದ 1900ರ ನಡುವೆ ಹಾಕಿದ ಹಳಿ ಅದು. ಕುಳಿತಲ್ಲೇ ಕಣಿವೆ, ಜಲಪಾತ ಕಾಣುತ್ತವೆ.

ಹಡಗು ಆರಿಸುವಾಗ ಗ್ಲೇಸಿಯರ್ ಬೇ ಎಂಬ ಕೊಲ್ಲಿಯ ರಾಷ್ಟ್ರೀಯ ಪಾರ್ಕಿನ ಒಳಗೆ ಹೋಗುತ್ತದೆಯೇ ಎಂದು ತಪ್ಪದೆ ನೋಡಿ, ಎಲ್ಲವೂ ಹೋಗುವುದಿಲ್ಲ. ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಪ್ರವೇಶ. ನಾನಾದರೆ ಇದಕ್ಕಾಗಿ ಹೆಚ್ಚು ಹಣ ಕೊಡುತ್ತೇನೆ. 1794ರಲ್ಲಿ ಈ ಕೊಲ್ಲಿ ಬಹುತೇಕ ಮಂಜುಗಡ್ಡೆಯೇ ಆಗಿತ್ತು. ಈಗ ಹಡಗು ಸುಮಾರು 65 ಮೈಲಿ ಒಳಗೆ ಹೋಗುತ್ತದೆ. ಪಾರ್ಕಿನ ರೇಂಜರ್‌ಗಳು ಹಡಗಿಗೇ ಹತ್ತಿ ವಿವರಿಸುತ್ತಾರೆ. ಅಂದು ಯಾವ ಊರಿಗೂ ಇಳಿಯುವುದಿಲ್ಲ, ಆದ್ದರಿಂದ ಬೇಗ ಎದ್ದು ತಿಂಡಿ ಮುಗಿಸಿ, ಬೆಚ್ಚಗೆ ಹೊದ್ದು, ದುರ್ಬೀನು ಹಿಡಿದು ಕುಳಿತುಬಿಡಿ. ಮಾತು ನಿಲ್ಲಿಸಿದರೆ ಹಿಮನದಿ ಸಿಡಿಯುವ ಸದ್ದು ಕೇಳುತ್ತದೆ. ಸದ್ದು ಬರುವ ಹೊತ್ತಿಗೆ ಮಂಜಿನ ತುಂಡು ನೀರಿಗೆ ಬಿದ್ದಾಗಿರುತ್ತದೆ. ಅಮ್ಮನಿಗೆ ಅದನ್ನು ಮೊದಲೇ ಹೇಳಿಡಿ, ಕಣ್ಣು ಮಂಜಿನ ಗೋಡೆಯ ಮೇಲೇ ಇರಲಿ.

ಮಕ್ಕಳ ಕ್ಲಬ್ಬಿಗೆ ಸಾಮಾನ್ಯವಾಗಿ ಮೂರು ವರ್ಷ ತುಂಬಿರಬೇಕು, ಡಯಾಪರ್ ಬಿಟ್ಟಿರಬೇಕು. ಆರು ತಿಂಗಳೊಳಗಿನ ಕೂಸನ್ನು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ಎಲ್ಲರ ಮೊಬೈಲೂ ಏರೋಪ್ಲೇನ್ ಮೋಡ್‌ನಲ್ಲಿರಲಿ, ಸಮುದ್ರದ ರೋಮಿಂಗ್ ಬಿಲ್ ದುಬಾರಿ. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಹಡಗು ಹೇಳಿದ ಹೊತ್ತನ್ನೇ ನಂಬಿ, ತಡವಾದರೆ ಅದು ಕಾಯುವುದಿಲ್ಲ. ಅಪ್ಪ ಅಮ್ಮನಿಗೆ ಮಾಡಿಸಿರುವ ವಿಮೆ ಹಡಗಿನ ಆಸ್ಪತ್ರೆಗೂ, ಹೆಲಿಕಾಪ್ಟರಿನಲ್ಲಿ ಸಾಗಿಸುವುದಕ್ಕೂ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಬಂದರಿನ ಊರಿಗೆ ಹಿಂದಿನ ದಿನವೇ ತಲುಪಿ. ಹತ್ತುವಾಗ ಪೆಟ್ಟಿಗೆಗಳನ್ನು ಸಿಬ್ಬಂದಿ ಒಯ್ಯುತ್ತಾರೆ, ಅವು ಕೋಣೆಗೆ ಬರಲು ಸಂಜೆಯಾದೀತು. ಔಷಧಿ, ಸ್ವೆಟರ್ ಕೈಚೀಲದಲ್ಲೇ ಇರಬೇಕು. ಇಳಿಯುವ ಹಿಂದಿನ ರಾತ್ರಿಯೂ ಹಾಗೆಯೇ, ಪೆಟ್ಟಿಗೆಗಳನ್ನು ಬಾಗಿಲ ಹೊರಗಿಡಬೇಕು. ಅಪ್ಪನ ಕನ್ನಡಕ, ಅಮ್ಮನ ಬೆಳಗಿನ ಮಾತ್ರೆ, ಎಲ್ಲರ ಪಾಸ್‌ಪೋರ್ಟು, ಮರುದಿನ ತೊಡುವ ಬಟ್ಟೆ ಕೋಣೆಯೊಳಗೇ ಉಳಿದಿವೆಯೇ ಎಂದು ನೋಡಿಕೊಂಡು ಆಮೇಲೆ ಬೀಗ ಹಾಕಿ ಹೊರಗಿಡಿ.