ಎಡೆದೊರೆ ನಾಡಿನ ನಾಯಿ, ಬೆಕ್ಕು ಮತ್ತು ಎರಡು ಹೊಸ ವರ್ಷಗಳು

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವೆ ಹರಡಿಕೊಂಡಿರುವುದರಿಂದ ಎಡೆದೊರೆ ನಾಡೆಂದು ಹೆಸರಾದ ರಾಯಚೂರು ಸೀಮೆಯಲ್ಲಿ ವರ್ಷವು ಎರಡು ಬಾರಿ ಹೊಸದಾಗುತ್ತದೆ. ಹಿಂಗಾರು ಜೋಳ ಹೊಲದಲ್ಲಿ ನಿಂತಿರುವಾಗ, ನಸುಕಿನಲ್ಲಿ ಮೈಗೆ ಹೊದಿಕೆ ಬೇಕೆನಿಸುವ ತಂಪಿನಲ್ಲಿ ಬರುವುದು ಜನವರಿಯ ಹೊಸ ವರ್ಷವಾದರೆ, ಮಾಳಿಗೆ ಕಾಯತೊಡಗಿದ ಮೇಲೆ ಬರುವುದು ಚೈತ್ರದ ಯುಗಾದಿ. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ನಾಯಿ, ಬೆಕ್ಕು ಸಾಕಿದವರ ಅನುಭವವನ್ನು, ಪ್ರಸ್ತುತ ಲೇಖಕನ ಅನುಭವವನ್ನೂ ಸೇರಿಸಿ, ಒಟ್ಟಾಗಿ ನೋಡಿದರೆ ತಿಳಿಯುವುದೇನೆಂದರೆ, ಸಾಕುಪ್ರಾಣಿಯ ದಿನಚರಿಯನ್ನು ತಿದ್ದುವುದಕ್ಕೆ ಇರುವ ಕಾಲ ಈ ಎರಡು ಹಬ್ಬಗಳ ನಡುವಿನ ಎರಡೂವರೆ, ಮೂರು ತಿಂಗಳು ಮಾತ್ರ. ಬಿಸಿಲು ಏರಿದ ಮೇಲೆ ಮಾಡುವ ಬದಲಾವಣೆಯು ಅಭ್ಯಾಸವಾಗುವುದಿಲ್ಲ, ತುರ್ತು ಉಪಾಯವಾಗುತ್ತದೆ.

ಮನುಷ್ಯನಿಗೆ ಮೈಯೆಲ್ಲ ಬೆವರಿ ತಂಪಾಗುವ ಅನುಕೂಲವಿದೆ. ನಾಯಿಗೆ ಆ ಬಗೆಯ ಬೆವರುಗ್ರಂಥಿಗಳು ಪಾದದ ಅಡಿಯಲ್ಲಷ್ಟೇ ಇರುವುದರಿಂದ ಅದು ನಾಲಿಗೆ ಚಾಚಿ ತೇಕುತ್ತ, ಬಾಯಿ ಮತ್ತು ಉಸಿರುದಾರಿಯ ತೇವ ಆವಿಯಾಗುವಂತೆ ಮಾಡಿ ಶಾಖವನ್ನು ಹೊರಹಾಕಬೇಕಾಗುತ್ತದೆ. ಅದರ ಮೈಯ ಸಹಜ ಶಾಖ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 106ನ್ನು ಮುಟ್ಟಿದರೆ ಮಿದುಳು, ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತದೆ, ಇದನ್ನೇ ಶಾಖಾಘಾತವೆನ್ನುತ್ತಾರೆ. ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಭಾಗದಲ್ಲಿ ಪಗ್‌ನಂಥ ಚಪ್ಪಟೆ ಮೂತಿಯ ನಾಯಿಯನ್ನು ತಂದು ತಗಡಿನ ಶೆಡ್ಡಿನಲ್ಲಿ ಕಟ್ಟುವುದು, ಮೃದುವಾಗಿ ಹೇಳುವುದಾದರೆ, ಅವಿವೇಕ; ಬೇವಿನ ಮರದ ಬುಡವೋ ಹಳೆಯ ಮಣ್ಣಿನ ಮಾಳಿಗೆ ಮನೆಯ ಪಡಸಾಲೆಯೋ ಅದಕ್ಕಿಂತ ಎಷ್ಟೋ ಮೇಲು.

ವಾಕಿಂಗ್ ವಿಷಯದಲ್ಲಿ ಬಹುತೇಕ ಮನೆಗಳು ಎಡವುವುದು ಗಡಿಯಾರವನ್ನು ನಂಬಿದ್ದರಿಂದ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಬೆಳಗಿನ ಆರೂಮುಕ್ಕಾಲರ ಸುಮಾರಿಗೆ, ಮೇ ತಿಂಗಳಲ್ಲಾದರೋ ಅದಕ್ಕಿಂತ ಸುಮಾರು ಒಂದು ಗಂಟೆ ಮೊದಲೇ. ಆದ್ದರಿಂದ ಹೊಸ ವರ್ಷದ ಹುರುಪಿನಲ್ಲಿ ಏಳು ಗಂಟೆಗೆಂದು ಗೊತ್ತುಮಾಡಿಕೊಂಡ ನಡಿಗೆ, ಒಂದು ದಿನವೂ ತಪ್ಪದೆ ನಡೆದರೂ, ಬೇಸಿಗೆಗೆ ಬರುವಷ್ಟರಲ್ಲಿ ಏರುಬಿಸಿಲಿನ ನಡಿಗೆಯಾಗಿರುತ್ತದೆ. ಹೊತ್ತು ಮೂಡುವ ಮೊದಲೇ ಹೊರಟು, ಬಿಸಿಲು ಬೀಳುವಷ್ಟರಲ್ಲಿ ಮನೆ ಸೇರುವ ರೂಢಿಯನ್ನು ಜನವರಿಯಲ್ಲೇ ಹಾಕಿಕೊಂಡವರಿಗೆ ಏಪ್ರಿಲ್‌ನಲ್ಲಿ ಏನನ್ನೂ ಬದಲಿಸಬೇಕಾಗುವುದಿಲ್ಲ. ಸಂಜೆಯ ನಡಿಗೆಗೆ ಮಾತ್ರ ಬೇರೆ ಲೆಕ್ಕ, ಏಕೆಂದರೆ ಹೊತ್ತು ಮುಳುಗಿದ ಮೇಲೂ ಡಾಂಬರು ರಸ್ತೆ ಬಹಳ ಹೊತ್ತು ಕಾದೇ ಇರುತ್ತದೆ; ಅಂಗೈಯ ಹಿಂಬದಿಯನ್ನು ಐದಾರು ಕ್ಷಣ ರಸ್ತೆಗೆ ಒತ್ತಿ ಹಿಡಿಯಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸಲ್ಲದು.

ನೀರಿನ ಮಾತು ಬಂದಾಗ ಕಾಲುವೆಯನ್ನು ಬಿಡಲಾಗದು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿಯುವಷ್ಟು ಕಾಲ ಸಿಂಧನೂರು ಕಡೆಯ ಹೊಲದ ನಾಯಿಗಳಿಗೆ ಕುಡಿಯಲು ಕೊರತೆಯಿಲ್ಲ; ಬೇಸಿಗೆಯಲ್ಲಿ ನೀರು ನಿಂತ ಮೇಲೆ ಉಳಿಯುವುದು ಗುಂಡಿಗಳಲ್ಲಿ ಮಡುಗಟ್ಟಿದ, ಗದ್ದೆಯ ಬಸಿನೀರು ಸೇರಿದ ನೀರು. ಇಲಿಯ ಮೂತ್ರ ಬೆರೆತ ಇಂಥ ನೀರಿನಿಂದಲೇ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್ ಎಂಬ ಬ್ಯಾಕ್ಟೀರಿಯಾ ರೋಗ, ನಾಯಿಗೂ ಮನುಷ್ಯನಿಗೂ ತಗಲುತ್ತದೆ. ಹದಿನೈದು ಕೆ.ಜಿ. ತೂಗುವ ನಾಯಿಗೆ ತಂಪು ಕಾಲದಲ್ಲೇ ದಿನಕ್ಕೆ ಮುಕ್ಕಾಲು ಲೀಟರಿನಿಂದ ಒಂದು ಲೀಟರ್ ನೀರು ಬೇಕಾಗುವುದರಿಂದ, ಅಗಲ ಬಾಯಿಯ ಮಣ್ಣಿನ ಪಾತ್ರೆಗಳನ್ನು ನೆರಳಿನಲ್ಲಿ ಎರಡು ಕಡೆ ಇಟ್ಟು, ದಿನವೂ ತೊಳೆದು ತುಂಬುವುದನ್ನು ಮನೆಯ ಒಬ್ಬರ ಕೆಲಸವೆಂದು ನಿಗದಿ ಮಾಡಬೇಕು. ಎಲ್ಲರ ಕೆಲಸವೆಂದು ಬಿಟ್ಟರೆ ಪಾತ್ರೆ ಒಣಗಿರುತ್ತದೆ. ಮಸ್ಕಿಯಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡುಹಿಡಿದ ಶಾಸನವು ಅಶೋಕನ ಹೆಸರನ್ನೇ ಹೇಳುವುದರಿಂದ ಪ್ರಸಿದ್ಧವಾಗಿದೆ. ಅದರಲ್ಲಿ ಪ್ರಾಣಿಗಳ ಆರೈಕೆಯ ವಿಷಯವಿಲ್ಲವಾದರೂ, ಗಿರ್ನಾರ್ ಮೊದಲಾದೆಡೆ ದೊರೆತ ಅದೇ ಅರಸನ ಎರಡನೆಯ ಶಿಲಾಶಾಸನವು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನೂ, ಇಬ್ಬರ ಉಪಯೋಗಕ್ಕೆಂದು ದಾರಿಗಳಲ್ಲಿ ಬಾವಿ ತೋಡಿಸಿ ಮರ ನೆಡಿಸಿದ್ದನ್ನೂ ದಾಖಲಿಸುತ್ತದೆ. ಆ ಅರಸನ ಶಾಸನವಿರುವ ಊರಿನ ಮನೆಗಳ ಮುಂದೆ ನಾಯಿಗೊಂದು ನೀರಿನ ಪಾತ್ರೆ ಇರಬೇಕೆನ್ನುವುದು ಹೆಚ್ಚಿನ ನಿರೀಕ್ಷೆಯೇನಲ್ಲ.

ಆಹಾರದಲ್ಲಿ ತೊಡಕು ಹೆಚ್ಚು, ಅದು ಹಬ್ಬದಿಂದಲೇ ಆರಂಭವಾಗುತ್ತದೆ. ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಬರುವ ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಚೆಲ್ಲುವ ಆಚರಣೆಯಾದ ಚರಗವನ್ನು ಮುಗಿಸಿ ಉಣ್ಣುವಾಗ, ಜೊತೆಗೆ ಬಂದ ನಾಯಿಗೂ ಕಡುಬು, ಸಜ್ಜೆ ರೊಟ್ಟಿ, ಎಣ್ಣೆ ತೇಲುವ ಪಲ್ಯ ಸಮೃದ್ಧವಾಗಿ ಸಿಗುತ್ತವೆ; ಮರುದಿನ ವಾಂತಿ, ಭೇದಿ ಎಂದು ಪಶು ಆಸ್ಪತ್ರೆಗೆ ಓಡುವುದು ವಾಡಿಕೆ. ಜಿಡ್ಡು ಒಮ್ಮೆಲೇ ಹೆಚ್ಚಾದರೆ ಜೀರ್ಣರಸವನ್ನು ಸ್ರವಿಸುವ ಮೇದೋಜೀರಕ ಗ್ರಂಥಿಗೆ ಉರಿಯೂತ ಬರುವ ಅಪಾಯವೂ ಇದೆ. ರೊಟ್ಟಿ, ಅನ್ನಗಳು ತಮ್ಮಷ್ಟಕ್ಕೆ ದೋಷಿಗಳಲ್ಲ, ನಾಯಿ ಧಾನ್ಯವನ್ನು ಜೀರ್ಣಿಸಿಕೊಳ್ಳಬಲ್ಲದು. ದೋಷವಿರುವುದು ಅವುಗಳ ಮೇಲೆ ಸುರಿಯುವ ಸಾರಿನಲ್ಲಿ. ಉಳ್ಳಾಗಡ್ಡಿ ಮತ್ತು ಬೆಳ್ಳುಳ್ಳಿಗಳಲ್ಲಿರುವ ಗಂಧಕದ ಸಂಯುಕ್ತಗಳು, ಬೇಯಿಸಿದ ಮೇಲೂ, ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಮತ್ತು ಅದರ ಪರಿಣಾಮ ವಸಡು ಬಿಳಿಚುವುದು, ಮೂತ್ರ ಕಂದಾಗುವುದು ಮೊದಲಾದ ರೂಪದಲ್ಲಿ ಕೆಲವು ದಿನ ಕಳೆದು ಕಾಣಿಸಿಕೊಳ್ಳುವುದರಿಂದ ಸಾರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಒಗ್ಗರಣೆ ಹಾಕುವ ಮೊದಲೇ ಬೇಳೆಯನ್ನೋ ಮೊಟ್ಟೆ, ಮಾಂಸವನ್ನೋ ಬೇರೆ ತೆಗೆದಿಡುವುದು ಅಡುಗೆಮನೆಯಲ್ಲಿ ಅರ್ಧ ನಿಮಿಷದ ಕೆಲಸ.

ಬೆಕ್ಕಿನ ವಿಷಯದಲ್ಲಿ ಹಾಲು ಅನ್ನದ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಬೆಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಕಡಿಮೆಯಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಾಂಸ, ಮೀನುಗಳಲ್ಲಿ ಸಿಗುವ ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ದೇಹ ತನಗೆ ಬೇಕಾದಷ್ಟು ತಾನೇ ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಕಣ್ಣಿನ ಪರದೆ ಹಾಳಾಗುವುದು ಮೊದಲೇ ತಿಳಿದಿತ್ತು, ಹೃದಯ ಹಿಗ್ಗಿ ಸೋಲುತ್ತದೆಂಬುದನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯ ಸಂಶೋಧಕರು ತೋರಿಸಿಕೊಟ್ಟರು. ಸಿಂಧನೂರಿನ ಆಸುಪಾಸಿನ ಬಂಗಾಳಿ ಕ್ಯಾಂಪುಗಳಲ್ಲಿ ಮೀನಿನ ತಲೆ, ಬಾಲ ತಿಂದು ಬೆಳೆವ ಬೆಕ್ಕುಗಳ ಮೈಹೊಳಪನ್ನು ನೋಡಿದವರಿಗೆ ಈ ಸಂಶೋಧನೆ ಹೊಸದೆನಿಸಲಾರದು.

ಮುಧೋಳ ನಾಯಿ ಸಾಕಿದವರು ಇನ್ನೊಂದು ಬಗೆಯ ಒತ್ತಡಕ್ಕೆ ಸಿಲುಕುತ್ತಾರೆ. 2005ರಲ್ಲಿ ಅಂಚೆಚೀಟಿಯ ಮೇಲೂ ಕಾಣಿಸಿಕೊಂಡ ಈ ತಳಿ ಓಟಕ್ಕೆಂದೇ ರೂಪುಗೊಂಡದ್ದರಿಂದ ಅದರ ಪಕ್ಕೆಲುಬು ತುಸು ಎದ್ದು ಕಾಣುವುದು ಸಹಜ. ನೆರೆಹೊರೆಯವರ ‘ಹೊಟ್ಟಿಗಿ ಹಾಕಂಗಿಲ್ಲೇನು?’ ಎಂಬ ಮಾತಿಗೆ ಅಂಜಿ ತಿನ್ನಿಸಿ ದಪ್ಪ ಮಾಡಿದರೆ ಅದರ ಕೀಲುಗಳು ಆ ಭಾರವನ್ನು ಹೊರುತ್ತವೆ. ಇತರ ತಳಿಗಳಲ್ಲೂ ಎಲುಬು ಕಾಣದಿದ್ದರೂ ಕೈಗೆ ಸುಲಭವಾಗಿ ಸಿಗಬೇಕು. ಒತ್ತಿ ಹುಡುಕಬೇಕಾದರೆ ತೂಕ ಹೆಚ್ಚಾಗಿದೆ ಎಂದರ್ಥ.

ಹತ್ತಿ, ಭತ್ತ ಬೆಳೆಯುವ ಈ ತಾಲ್ಲೂಕುಗಳಲ್ಲಿ ನಾಯಿಗೆ ಉಣ್ಣಿ ಹತ್ತಿದರೆ ಕೈಗೆ ಮೊದಲು ಸಿಗುವುದು ಬೆಳೆಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ. ಅದನ್ನು ನೀರಿಗೆ ಬೆರೆಸಿ ಮೈತೊಳೆಯುವ ಪದ್ಧತಿಯಷ್ಟು ಅಪಾಯಕಾರಿಯಾದ ಮನೆಮದ್ದು ಬೇರೊಂದಿಲ್ಲ, ಏಕೆಂದರೆ ಚರ್ಮದಿಂದ ಹೀರಲ್ಪಟ್ಟದ್ದಲ್ಲದೆ ಮೈ ನೆಕ್ಕಿಕೊಳ್ಳುವಾಗಲೂ ವಿಷ ಒಳಸೇರುತ್ತದೆ. ನಾಯಿಗೆಂದೇ ತಯಾರಾದ ಪರ್ಮೆಥ್ರಿನ್ ಔಷಧವೂ ಬೆಕ್ಕಿಗೆ ಮಾರಕ. ಜ್ವರವೆಂದು ಕೊಡುವ ಪ್ಯಾರಾಸಿಟಮಾಲ್‌ನ ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಲ್ಲದು. ಪ್ರತಿದಿನ ಸಂಜೆ ಕಿವಿಯ ಸಂದು, ಕೊರಳು, ಬೆರಳುಗಳ ನಡುವೆ ಕೈಯಾಡಿಸಿ ಉಣ್ಣಿಗಳನ್ನು ಚಿಮಟಿಗೆಯಿಂದ ತೆಗೆಯುವ ಅಭ್ಯಾಸವಿದ್ದರೆ, ಅವು ಹರಡುವ ಎರ್ಲಿಕಿಯೋಸಿಸ್ ಎಂಬ ರಕ್ತದ ರೋಗದ ಸಾಧ್ಯತೆಯೂ ಕುಗ್ಗುತ್ತದೆ.

ಲಸಿಕೆಗೆ ಬಂದರೆ, ಬೀದಿನಾಯಿಗಳು ಹೆಚ್ಚಾಗಿ ಮಳೆಗಾಲದ ಕೊನೆಯಲ್ಲಿ ಕೂಡಿ ಚಳಿಗಾಲದಲ್ಲಿ ಈಯುವುದರಿಂದ, ಹೊಸ ವರ್ಷಕ್ಕೆ ಮಕ್ಕಳು ಮನೆಗೆ ಎತ್ತಿಕೊಂಡು ಬರುವ ಮರಿಗಳಿಗೆ ಯುಗಾದಿಯ ಹೊತ್ತಿಗೆ ಮೂರು ತಿಂಗಳು ತುಂಬಿರುತ್ತವೆ, ಮತ್ತು ಹುಚ್ಚುನಾಯಿ ರೋಗದ ಮೊದಲ ಲಸಿಕೆ ಹಾಕಿಸಬೇಕಾದ ವಯಸ್ಸೂ ಅದೇ. ಹೊಸ ಪಂಚಾಂಗ ತಂದ ದಿನವೇ ಅದರ ಅಂಚಿನಲ್ಲಿ ಲಸಿಕೆಯ ತಾರೀಖನ್ನೂ ಮುಂದಿನ ವರ್ಷದ ಮರುಲಸಿಕೆಯನ್ನೂ ಗುರುತು ಹಾಕಿಕೊಳ್ಳುವ ಮನೆಗಳಿವೆ; ಅಂಥ ಮನೆಯವರು ಸಾಮಾನ್ಯವಾಗಿ ತಮ್ಮ ನಾಯಿಯೊಂದಿಗೆ ಓಣಿಯ ಎರಡು ಮರಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಬರುತ್ತಾರೆ.